ಗ್ರಂಥಾಲಯ ಸಿಬ್ಬಂದಿಗೆ ಯಾವ ತರಬೇತಿ, ಎಲ್ಲಿ?

ತರಬೇತಿಯ ಸುತ್ತೋಲೆ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುವುದು ಎಷ್ಟೋ ಸಲ ಹಿಂದಿನ ದಿನ ಸಂಜೆ. ಊರಿನ ಗ್ರಂಥಾಲಯಕ್ಕೆ ಇರುವುದು ನೀವೊಬ್ಬರೇ. ಬೀಗ ಹಾಕಿ ಹೊರಟರೆ ಪೇಪರ್ ಓದಲು ಬರುವ ಹಿರಿಯರು, ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುವ ಹುಡುಗರು ಬಾಗಿಲು ನೋಡಿಕೊಂಡು ವಾಪಸ್. ಅಲ್ಲಿ ಜಿಲ್ಲಾ ಕೇಂದ್ರದ ಸಭಾಂಗಣದಲ್ಲಿ ಪರದೆಯ ಮೇಲೆ ಸ್ಲೈಡುಗಳು ಓಡುತ್ತವೆ. ಊಟ ಆಗುತ್ತದೆ, ಗ್ರೂಪ್ ಫೋಟೊ ಆಗುತ್ತದೆ, ಪ್ರಮಾಣಪತ್ರ ಕೈಗೆ ಬರುತ್ತದೆ. ಮರುದಿನ ಬಾಗಿಲು ತೆರೆದರೆ ಕೆಲಸ ಮೊದಲಿನ ಹಾಗೆಯೇ. ಹೋದ ಪುಟ್ಟ, ಬಂದ ಪುಟ್ಟ.

ಇನ್ನೊಂದು ಕಡೆ, ಕಲಿಯಲೇಬೇಕು ಎಂದು ಹೊರಟವರಿಗೆ ದಾರಿ ಹೇಳುವವರಿಲ್ಲ. ಬಿ.ಲಿಬ್. ಮಾಡಬೇಕೇ, ಸರ್ಟಿಫಿಕೇಟ್ ಕೋರ್ಸ್ ಸಾಕೇ, ಕೋಹಾ ತಂತ್ರಾಂಶ ಕಲಿಯಬೇಕೇ, ಖರ್ಚು ಯಾರದು, ರಜೆ ಹಾಕಬೇಕೇ, ಓಓಡಿ (ಅನ್ಯ ಕರ್ತವ್ಯದ ಅನುಮತಿ) ಸಿಗುತ್ತದೆಯೇ? ಈ ಲೇಖನ ಅಂಥವರಿಗಾಗಿ: ಅರಿವು ಕೇಂದ್ರದ (ಗ್ರಾಮ ಪಂಚಾಯಿತಿ ಗ್ರಂಥಾಲಯದ) ಮೇಲ್ವಿಚಾರಕರಿಗೆ, ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳ ಸಹಾಯಕರಿಗೆ, ಶಾಖಾ ಗ್ರಂಥಾಲಯ ನೋಡಿಕೊಳ್ಳುವವರಿಗೆ.

ಹಿನ್ನೆಲೆ ಎರಡೇ ಮಾತಿನಲ್ಲಿ. ಗ್ರಂಥಾಲಯದ ಕೆಲಸ ಕಲಿತು ಮಾಡಬೇಕಾದ ಕೆಲಸ ಎಂದು ನಮ್ಮಲ್ಲಿ ಮೊದಲಿಗೆ ಗಟ್ಟಿಯಾಗಿ ಹೇಳಿದವರಲ್ಲಿ ಎಸ್.ಆರ್. ರಂಗನಾಥನ್ ಒಬ್ಬರು. 1929ರಲ್ಲಿ ಮದ್ರಾಸಿನಲ್ಲಿ ಅವರ ಮುಂದಾಳತ್ವದಲ್ಲಿ ಗ್ರಂಥಪಾಲಕರಿಗೆ ಬೇಸಿಗೆ ಶಾಲೆ ಶುರುವಾಯಿತು. 1962ರಲ್ಲಿ ಬೆಂಗಳೂರಿನಲ್ಲಿ ಅವರು ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಅಂದರೆ ಡಿಆರ್‌ಟಿಸಿ ಇಂದಿಗೂ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ನಡೆಯುತ್ತಿದೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರದು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಅಲ್ಲಿಂದ ತರಬೇತಿಯ ದಾರಿಯೂ ಕವಲೊಡೆಯಿತು. ನೀವು ಯಾವ ಇಲಾಖೆಯವರು ಎಂಬುದರ ಮೇಲೆ ಯಾರನ್ನು ಕೇಳಬೇಕು ಎಂಬುದು ನಿಂತಿದೆ.

ಕಲಿತದ್ದು ಏಕೆ ನಿಲ್ಲುವುದಿಲ್ಲ?

ಸಭಾಂಗಣದಲ್ಲಿ ಕೇಳಿದ್ದು ನಿಲ್ಲದಿರಲು ನಿಮ್ಮ ಮಂದಬುದ್ಧಿ ಕಾರಣವಲ್ಲ. ನಿಮಗೆ ಇನ್ನೂ ಹುಟ್ಟದ ಪ್ರಶ್ನೆಗೆ ಅಲ್ಲಿ ಉತ್ತರ ಕೊಟ್ಟಿರುತ್ತಾರೆ. ವರ್ಗೀಕರಣದ ಪಾಠ ನಡೆದ ದಿನ ನಿಮ್ಮ ತಲೆಯಲ್ಲಿ ಇದ್ದದ್ದು ಕೆಟ್ಟುಹೋದ ಕಂಪ್ಯೂಟರ್. ಕಂಪ್ಯೂಟರ್ ಪಾಠದ ದಿನ ಇದ್ದದ್ದು ಮಕ್ಕಳ ಗಲಾಟೆ. ಅದೇ ಪಾಠವನ್ನು, ಒಬ್ಬ ಓದುಗ ಕೇಳಿದ್ದನ್ನು ಕೊಡಲಾಗದೆ ಪೇಚಾಡಿದ ವಾರವೇ ಕೇಳಿದ್ದರೆ ಒಂದೂ ಮಾತು ಬಿಟ್ಟುಹೋಗುತ್ತಿರಲಿಲ್ಲ. ಎರಡನೆಯ ಕಾರಣ, ಕಲಿತದ್ದನ್ನು ತಕ್ಷಣ ಕೈಯಿಂದ ಮಾಡುವ ಅವಕಾಶ ಸಿಗದಿರುವುದು. ತಂತ್ರಾಂಶದ ತರಬೇತಿ ಮಾರ್ಚ್‌ನಲ್ಲಿ, ಕಂಪ್ಯೂಟರ್ ಬರುವುದು ಅಕ್ಟೋಬರ್‌ನಲ್ಲಿ ಆದರೆ ನೆನಪು ಅಷ್ಟು ದಿನ ಕಾಯುವುದಿಲ್ಲ.

ಹಾಗಾಗಿ ತರಬೇತಿಯ ಪಟ್ಟಿಯಿಂದ ಶುರು ಮಾಡಬೇಡಿ. ಓದುಗ ಬರಿಗೈಯಲ್ಲಿ ಹಿಂದಿರುಗಿದ ಸಂದರ್ಭಗಳಿಂದ ಶುರು ಮಾಡಿ.

ಹೆಜ್ಜೆಗಳು

1. ಒಂದು ತಿಂಗಳು ‘ಆಗಲಿಲ್ಲ’ ಪುಸ್ತಕ ಇಡಿ. ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ಯಾರಾದರೂ ಕೇಳಿದ್ದು ನಿಮ್ಮಿಂದ ಆಗದೆ ಹೋದಾಗಲೆಲ್ಲ ಒಂದು ಸಾಲು ಬರೆಯಿರಿ: ದಿನಾಂಕ, ಅವರು ಕೇಳಿದ್ದು ಅವರದೇ ಮಾತಿನಲ್ಲಿ, ಏಕೆ ಆಗಲಿಲ್ಲ. ಓದುಗರ ಹೆಸರು ಬೇಡ. ಯಾರು ಏನು ಓದುತ್ತಾರೆ ಎಂಬುದು ಅವರ ಖಾಸಗಿ ವಿಷಯ, ನೋಟ್‌ಬುಕ್ಕು ಮೇಜಿನ ಮೇಲೆ ಬಿದ್ದಿರುವ ವಸ್ತು.

2. ತಿಂಗಳ ಕೊನೆಗೆ ಆ ಸಾಲುಗಳನ್ನು ನಾಲ್ಕು ಗುಂಪು ಮಾಡಿ. ಪುಸ್ತಕವೇ ನಮ್ಮಲ್ಲಿಲ್ಲ. ಪುಸ್ತಕ ಇದೆ, ಹುಡುಕಿದರೂ ಸಿಗಲಿಲ್ಲ. ಹೇಗೆ ಮಾಡುವುದು ನನಗೆ ಗೊತ್ತಿಲ್ಲ. ಯಂತ್ರ ಅಥವಾ ಇಂಟರ್ನೆಟ್ ಕೆಟ್ಟಿದೆ. ಇವುಗಳಲ್ಲಿ ಮೊದಲನೆಯದು ಖರೀದಿಗೆ ಸಂಬಂಧಿಸಿದ್ದು, ನಾಲ್ಕನೆಯದು ರಿಪೇರಿಗೆ. ಎಷ್ಟೇ ತರಬೇತಿಗೆ ಹೋದರೂ ಅವೆರಡು ಸರಿಹೋಗುವುದಿಲ್ಲ, ಅದಕ್ಕೆ ಮೇಲಿನವರಿಗೆ ಪತ್ರ ಬರೆಯಬೇಕು. ನಡುವಿನ ಎರಡು ಗುಂಪುಗಳು ಮಾತ್ರ ಕಲಿಕೆಯಿಂದ ತೀರುವಂಥವು. ಎಲ್ಲ ಕೊರತೆಗೂ ‘ಸಿಬ್ಬಂದಿಗೆ ತರಬೇತಿ ಇಲ್ಲ’ ಎಂದು ಷರಾ ಬರೆಯುವ ಅಭ್ಯಾಸ ನಮ್ಮ ಕಚೇರಿಗಳಲ್ಲಿ ಇದೆ. ಈ ವಿಂಗಡಣೆ ಆ ಷರಾಕ್ಕೂ ಉತ್ತರವಾಗುತ್ತದೆ.

3. ಹೆಚ್ಚು ಸಾಲುಗಳಿರುವ ಒಂದೇ ವಿಷಯ ಆರಿಸಿಕೊಳ್ಳಿ. ಮೂರು ತಿಂಗಳಿಗೆ ಒಂದು ಸಾಕು.

4. ನಿಮಗೆ ಬೇಕಾದದ್ದು ಅರ್ಹತೆಯೋ, ಇಲಾಖಾ ತರಬೇತಿಯೋ, ಕೈಚಳಕವೋ ತೀರ್ಮಾನಿಸಿ. ನೇಮಕಾತಿ, ಬಡ್ತಿಗೆ ಲೆಕ್ಕಕ್ಕೆ ಬರುವುದು ಅರ್ಹತಾ ಕೋರ್ಸ್ ಮಾತ್ರ. ನೂರು ವೆಬಿನಾರ್ ಪ್ರಮಾಣಪತ್ರಗಳು ಸೇರಿದರೂ ಒಂದು ಬಿ.ಲಿಬ್. ಆಗುವುದಿಲ್ಲ. ತಿರುಗಿಸಿ ಹೇಳುವುದಾದರೆ, ಎಂ.ಲಿಬ್. ಆದವರಿಗೂ ಹತ್ತು ಮಕ್ಕಳನ್ನು ಕೂರಿಸಿಕೊಂಡು ಕಥೆ ಓದುವುದು ಬರಲೇಬೇಕೆಂದಿಲ್ಲ.

5. ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ಪಂಚಾಯಿತಿಯಾದರೆ ಪಿಡಿಒ, ಇಲಾಖೆಯಾದರೆ ನಿಮ್ಮ ಉಪನಿರ್ದೇಶಕರು ಅಥವಾ ಮುಖ್ಯ ಗ್ರಂಥಾಲಯಾಧಿಕಾರಿ. ಪತ್ರ ಉದ್ದ ಬೇಡ, ಹೀಗಿದ್ದರೆ ಸಾಕು: ‘ಕಳೆದ ತಿಂಗಳು ಇಷ್ಟು ಓದುಗರಿಗೆ ಪುಸ್ತಕ ಇದ್ದೂ ಹುಡುಕಿಕೊಡಲು ಸಾಧ್ಯವಾಗಿಲ್ಲ. ಸೂಚಿಗಳನ್ನು ಗಣಕೀಕರಿಸುವ ಈ ತರಬೇತಿಗೆ ಇಂಥ ದಿನಗಳಂದು ಓಓಡಿ ಮೇಲೆ ಹಾಜರಾಗಲು ಅನುಮತಿ ಕೋರುತ್ತೇನೆ. ಆ ದಿನಗಳಲ್ಲಿ ಗ್ರಂಥಾಲಯ ತೆರೆಯಲು ಇಂಥವರನ್ನು ನಿಯೋಜಿಸಬಹುದು.’ ಕೊನೆಯ ವಾಕ್ಯ ಬಹಳ ಮುಖ್ಯ. ಬದಲಿ ವ್ಯವಸ್ಥೆಯನ್ನು ನೀವೇ ಸೂಚಿಸಿದರೆ ಅಧಿಕಾರಿಗೆ ‘ಆಗಲ್ಲ’ ಅನ್ನಲು ಕಾರಣ ಉಳಿಯುವುದಿಲ್ಲ. ಬದಲಿ ಸಿಗದೇ ಹೋದರೆ ಎರಡು ದಿನ ಮೊದಲೇ ಬಾಗಿಲಿಗೆ ಚೀಟಿ ಅಂಟಿಸಿ.

6. ತರಬೇತಿಗೆ ಬರಿಗೈಯಲ್ಲಿ ಹೋಗಬೇಡಿ. ‘ಆಗಲಿಲ್ಲ’ ಪುಸ್ತಕ, ಅಕ್ಸೆಷನ್ ರಿಜಿಸ್ಟರಿನ ಎರಡು ಪುಟದ ಫೋಟೊ, ನಿಮ್ಮನ್ನು ಕಾಡುವ ಹತ್ತು ಪುಸ್ತಕಗಳ ಮುಖಪುಟದ ಫೋಟೊ ಮೊಬೈಲಿನಲ್ಲಿರಲಿ. ಊಟದ ಬಿಡುವಿನಲ್ಲಿ ಸಂಪನ್ಮೂಲ ವ್ಯಕ್ತಿಯ ಪಕ್ಕ ಕೂತು ಇವನ್ನು ತೋರಿಸಿ. ಸ್ಲೈಡಿನಿಂದ ಸಿಗದ್ದು ಆ ಇಪ್ಪತ್ತು ನಿಮಿಷದಲ್ಲಿ ಸಿಗುತ್ತದೆ. ಹೊರಡುವ ಮುನ್ನ ಅವರ ನಂಬರ್ ಕೇಳಲು ಸಂಕೋಚ ಬೇಡ.

7. ಬಂದ ಹದಿನೈದು ದಿನದೊಳಗೆ ಒಂದು ಕಪಾಟಿನ ಮೇಲೆ ಪ್ರಯೋಗಿಸಿ. ಇಡೀ ಗ್ರಂಥಾಲಯದ ಮೇಲೆ ಬೇಡ. ಒಂದೇ ಕಪಾಟು. ಅಷ್ಟಾದ ಮೇಲೆ ಪಕ್ಕದ ಪಂಚಾಯಿತಿಯ ಮೇಲ್ವಿಚಾರಕರನ್ನು ಕರೆದು ಅದನ್ನು ಅವರಿಗೆ ಕಲಿಸಿ. ಕಲಿಸುವಾಗ ಎಲ್ಲಿ ತಡವರಿಸುತ್ತೀರೋ ಅಲ್ಲಿ ನಿಮಗೂ ಇನ್ನೂ ಬಂದಿಲ್ಲ ಎಂದರ್ಥ.

ಒಂದು ಉದಾಹರಣೆ: ಇದ್ದೂ ಸಿಗದ ಪುಸ್ತಕ

ಎರಡನೆಯ ಗುಂಪಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕನ್ನಡ ಗ್ರಂಥಾಲಯಗಳಲ್ಲಿ ಹೆಚ್ಚು ಕಾಡುವುದು ಅದೇ, ತರಬೇತಿಗಳಲ್ಲಿ ಕಡಿಮೆ ಹೇಳಿಕೊಡುವುದೂ ಅದೇ.

ಒಬ್ಬ ವಿದ್ಯಾರ್ಥಿನಿ ಬಂದು ಶ್ರೀರಂಗರ ನಾಟಕ ಬೇಕು ಅನ್ನುತ್ತಾಳೆ. ಕಂಪ್ಯೂಟರಿನಲ್ಲಿ ‘ಶ್ರೀರಂಗ’ ಎಂದು ಹುಡುಕಿದರೆ ಒಂದು ಪುಸ್ತಕ ತೋರಿಸುತ್ತದೆ. ಕಪಾಟಿನಲ್ಲಿ ಇನ್ನೂ ಐದು ಇವೆ, ಆದರೆ ಅವು ‘ಆದ್ಯ ರಂಗಾಚಾರ್ಯ’ ಎಂಬ ಹೆಸರಿನಲ್ಲಿ ಕೂತಿವೆ. ಕುವೆಂಪು ಒಂದು ಕಡೆ, ಪುಟ್ಟಪ್ಪ ಕೆ.ವಿ. ಇನ್ನೊಂದು ಕಡೆ, ಕೆ.ವಿ. ಪುಟ್ಟಪ್ಪ ಮತ್ತೊಂದು ಕಡೆ. ತ್ರಿವೇಣಿ, ಅನಸೂಯ ಶಂಕರ ಒಬ್ಬರೇ ಎಂದು ಕಂಪ್ಯೂಟರಿಗೆ ಯಾರೂ ಹೇಳಿಲ್ಲ. ಬೇಂದ್ರೆಯವರ ಕಥೆಯೂ ಇಷ್ಟೇ. ಕಾವ್ಯನಾಮದ ಸಂಭ್ರಮ ನಮ್ಮ ಸಾಹಿತ್ಯಕ್ಕೆ ಶೋಭೆ, ಸೂಚಿ ಬರೆಯುವವರಿಗೆ ತಲೆನೋವು.

ಇದಕ್ಕೆ ಪರಿಹಾರ ಸರಳ. ಒಬ್ಬ ಲೇಖಕರಿಗೆ ಒಂದೇ ಹೆಸರಿನ ರೂಪ ಗೊತ್ತುಮಾಡಿ, ಉಳಿದ ರೂಪಗಳಿಂದ ಅದಕ್ಕೆ ‘ನೋಡಿ’ ಎಂಬ ಉಲ್ಲೇಖ ಕೊಡಬೇಕು. ಗ್ರಂಥಾಲಯ ವಿಜ್ಞಾನದಲ್ಲಿ ಇದಕ್ಕೆ ಅಥಾರಿಟಿ ಫೈಲ್ ಅನ್ನುತ್ತಾರೆ. ಕೋಹಾದಂಥ ತಂತ್ರಾಂಶಗಳಲ್ಲಿ ಇದಕ್ಕೆಂದೇ ಜಾಗವಿದೆ. ನಿಮ್ಮಲ್ಲಿ ಹೆಚ್ಚು ಓದಿಸಿಕೊಳ್ಳುವ ಐವತ್ತು ಲೇಖಕರ ಪಟ್ಟಿ ಮಾಡಿಕೊಂಡು ಹೋಗಿ, ತರಬೇತಿಯಲ್ಲಿ ಇದನ್ನೇ ಕಲಿಸಿ ಎಂದು ಕೇಳಿ.

ಕಂಪ್ಯೂಟರ್ ಹುಡುಕಾಟ ಕೈಕೊಡಲು ಇನ್ನೊಂದು ಕಾರಣ ಅಕ್ಷರ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಪರದೆ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಯುನಿಕೋಡ್‌ನಲ್ಲಿ ‘ಕಾರಂತ’ ಎಂದು ಹುಡುಕಿದರೆ ಅದು ಸಿಗುವುದೇ ಇಲ್ಲ. ಪರೀಕ್ಷೆ ಮಾಡುವುದು ಸುಲಭ. ಎಕ್ಸೆಲ್ ಹಾಳೆಯಲ್ಲಿ ನಾಲ್ಕು ಸಾಲು ಆರಿಸಿ, ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯುನಿಕೋಡ್. ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಮಾರ್ಪಟ್ಟರೆ ಹಳೆಯ ಸಂಕೇತ. ಅಂಥ ಪಟ್ಟಿಯನ್ನು ಪರಿವರ್ತಕದಿಂದ ಬದಲಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿದ ಮೇಲಷ್ಟೇ ತಂತ್ರಾಂಶಕ್ಕೆ ಏರಿಸಬೇಕು. ಸಾವಿರಾರು ಪುಸ್ತಕಗಳ ಪಟ್ಟಿ ಏರಿಸಿಯಾದ ಮೇಲೆ ಇದು ಗೊತ್ತಾದರೆ ಎಲ್ಲ ಮೊದಲಿಂದ.

ವರ್ಗೀಕರಣಕ್ಕೂ ಇಡೀ ಡ್ಯೂಯಿ ಸಂಪುಟಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಅದರ ಮುಂದೆ 1 ಹಚ್ಚಿದರೆ ಕಾವ್ಯ, 2 ಹಚ್ಚಿದರೆ ನಾಟಕ, 3 ಹಚ್ಚಿದರೆ ಕಥೆ, ಕಾದಂಬರಿ. ಹೀಗೆ ಕನ್ನಡ ಕಾದಂಬರಿ 894.8143. ಹಳ್ಳಿಯ ಗ್ರಂಥಾಲಯದ ದೊಡ್ಡ ಪಾಲು ಇಷ್ಟರಲ್ಲೇ ಬಂತು.

ಎಲ್ಲಿ ಏನು ಸಿಗುತ್ತದೆ?

ಅರ್ಹತಾ ಕೋರ್ಸ್‌ಗಳಿಂದ ಶುರು ಮಾಡೋಣ. ಪಿಯುಸಿ ಆದವರಿಗೆ ಇಗ್ನೊದಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಇದೆ. ಪದವೀಧರರು ಅಲ್ಲಿಯೇ ಬಿ.ಲಿಬ್., ಎಂ.ಲಿಬ್. ಮಾಡಬಹುದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿಯೂ ಈ ಎರಡು ಪದವಿಗಳಿವೆ. ಕೆಲಸ ಬಿಟ್ಟು ತರಗತಿಗೆ ಹೋಗಬಲ್ಲವರಿಗೆ ಮೈಸೂರು, ಧಾರವಾಡ, ಬೆಂಗಳೂರು, ಮಂಗಳೂರು, ಕುವೆಂಪು, ಗುಲ್ಬರ್ಗ ವಿಶ್ವವಿದ್ಯಾಲಯಗಳ ವಿಭಾಗಗಳಿವೆ. ಡಿಆರ್‌ಟಿಸಿಯ ಎಂ.ಎಸ್. ಕೋರ್ಸಿಗೆ ಪ್ರವೇಶ ಪರೀಕ್ಷೆ ಇದೆ, ಆಯ್ಕೆಯಾದವರಿಗೆ ವಿದ್ಯಾರ್ಥಿವೇತನವೂ ಉಂಟು. ಗಣಿತ, ಕಂಪ್ಯೂಟರ್ ಎಂದರೆ ಹಿಂಜರಿಯದ ಯುವಕರಿಗೆ ಅದು ಒಳ್ಳೆಯ ದಾರಿ.

ಯಾವುದಕ್ಕೂ ಸೇರುವ ಮೊದಲು ಓದಿನ ರುಚಿ ನೋಡಬೇಕೆಂದರೆ ಇಗ್ನೊದ ಈ-ಜ್ಞಾನಕೋಶ ಜಾಲತಾಣದಲ್ಲಿ ಅವರ ಪಠ್ಯಗಳೆಲ್ಲ ಉಚಿತವಾಗಿ ಸಿಗುತ್ತವೆ. ಭಾಷೆ ಇಂಗ್ಲಿಷ್, ಹಿಂದಿ. ಎರಡು ಘಟಕ ಓದಿ ಅರ್ಥವಾದರೆ ಶುಲ್ಕ ಕಟ್ಟಿ. ಸ್ವಯಂ ವೇದಿಕೆಯ ಕೋರ್ಸ್‌ಗಳನ್ನು ಕಲಿಯುವುದೂ ಉಚಿತ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಲು ಮಾತ್ರ ಹಣ.

ಇಲಾಖಾ ತರಬೇತಿಗೆ ಬಂದರೆ, ಪಂಚಾಯಿತಿ ಕಡೆಯವರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ಮುಖ್ಯ ಕೇಂದ್ರ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಖಾಯಂ ನೌಕರರಿಗೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆ, ಅದರಡಿಯ ಜಿಲ್ಲಾ ತರಬೇತಿ ಸಂಸ್ಥೆಗಳು ಹತ್ತಿರ. ಅಲ್ಲಿ ಸಿಗುವುದು ಕಚೇರಿ ಕಾರ್ಯವಿಧಾನ, ಸೇವಾ ನಿಯಮ, ಲೆಕ್ಕಪತ್ರ, ಕಂಪ್ಯೂಟರ್. ಗ್ರಂಥಾಲಯ ವಿಜ್ಞಾನ ಅಲ್ಲ. ಆದರೂ ತಳ್ಳಿಹಾಕಬೇಡಿ. ಖರೀದಿಯ ಕಡತ ಆಕ್ಷೇಪಣೆ ಬರದಂತೆ ಬರೆಯಲು ಬಂದರೆ ಪುಸ್ತಕ ಬೇಗ ಬರುತ್ತದೆ.

ಕೊಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ 1972ರಲ್ಲಿ ಹುಟ್ಟಿದ್ದು. ರಾಜ್ಯದ ಪಾಲಿಗೆ ತನ್ನ ಪಾಲು ಸೇರಿಸುವ ಯೋಜನೆಯಲ್ಲಿ ಅದು ವಿಚಾರಸಂಕಿರಣ, ಕಾರ್ಯಾಗಾರ, ತರಬೇತಿಗಳಿಗೂ ನೆರವು ಕೊಡುತ್ತದೆ. ಇದಕ್ಕೆ ಒಬ್ಬೊಬ್ಬ ನೌಕರ ಅರ್ಜಿ ಹಾಕುವಂತಿಲ್ಲ, ಪ್ರಸ್ತಾವ ರಾಜ್ಯದ ಮೂಲಕ ಹೋಗಬೇಕು. ನಿಮ್ಮ ಜಿಲ್ಲೆಯವರು ಸೇರಿ ‘ಸೂಚೀಕರಣದ ಕಾರ್ಯಾಗಾರ ನಮ್ಮಲ್ಲಿ ಆಗಲಿ’ ಎಂದು ಬರಹದಲ್ಲಿ ಕೇಳಿದರೆ ಮಾತ್ರ ಅದು ಕಡತಕ್ಕೆ ಬರುತ್ತದೆ.

ಕೈಚಳಕದ ಕಲಿಕೆಗೆ ಮನೆಯಲ್ಲೇ ದಾರಿಗಳಿವೆ. ಕೋಹಾ ನ್ಯೂಜಿಲೆಂಡಿನ ಒಂದು ಪುಟ್ಟ ಗ್ರಂಥಾಲಯ ಸಂಸ್ಥೆ 2000ನೇ ಇಸವಿಯ ಹೊತ್ತಿಗೆ ಮಾಡಿಸಿಕೊಂಡ, ಈಗ ಜಗತ್ತೆಲ್ಲ ಉಚಿತವಾಗಿ ಬಳಸುವ ತಂತ್ರಾಂಶ. ಸರ್ಕಾರಿ ಗ್ರಂಥಾಲಯಗಳಿಗೆ ಎನ್‌ಐಸಿಯ ಇ-ಗ್ರಂಥಾಲಯವೂ ಇದೆ. ಎರಡರಲ್ಲಿ ಯಾವುದನ್ನು ಕಲಿಯುವುದು ಎಂದರೆ, ನಿಮ್ಮ ಜಿಲ್ಲಾ ಕೇಂದ್ರದಲ್ಲಿ ಯಾವುದು ಇದೆಯೋ ಅದನ್ನು. ತೊಡಕಾದಾಗ ಕೇಳಲು ಒಬ್ಬರು ಇರಬೇಕು.

ಮಕ್ಕಳ ಜೊತೆ ಕೆಲಸ ಮಾಡುವುದಕ್ಕೆ ಟಾಟಾ ಟ್ರಸ್ಟ್ಸ್‌ನ ‘ಪರಾಗ್’ ನಡೆಸುವ ಲೈಬ್ರರಿ ಎಜುಕೇಟರ್ಸ್ ಕೋರ್ಸ್ ಹೆಸರಾಗಿದೆ. ಅದು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ನಡೆಯುತ್ತಾ ಬಂದಿದೆ. ಓದಿ ಹೇಳಲು ಕಥೆಗಳು ಬೇಕಾದರೆ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಮುದ್ರಿಸಿ ಹಂಚಲೂಬಹುದು. ಇಂಗ್ಲಿಷ್ ಓದಬಲ್ಲವರಿಗೆ ಅಮೆರಿಕದ ಒಸಿಎಲ್‌ಸಿ ನಡೆಸುವ ವೆಬ್‌ಜಂಕ್ಷನ್‌ನಲ್ಲಿ ಸಾರ್ವಜನಿಕ ಗ್ರಂಥಾಲಯ ಸಿಬ್ಬಂದಿಗೆಂದೇ ಉಚಿತ ಪಾಠಗಳಿವೆ. ಅಲ್ಲಿಯ ಕಟ್ಟಡ, ಬಜೆಟ್ಟಿನ ಮಾತು ನಮಗೆ ಹೊಂದದು. ಕೋಪಗೊಂಡ ಓದುಗರೊಂದಿಗೆ ಮಾತಾಡುವುದು ಹೇಗೆ ಎಂಬಂಥ ಪಾಠ ಎಲ್ಲಿಗಾದರೂ ಹೊಂದುತ್ತದೆ.

ಹೆಚ್ಚಿನವರು ಕಡೆಗಣಿಸುವ ಒಂದು ಕ್ಷೇತ್ರ, ಕಣ್ಣು ಕಾಣದ ಓದುಗರ ಸೇವೆ. 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಮುದ್ರಿತ ಪುಸ್ತಕ ಓದಲಾಗದವರಿಗೆ ಭಾರತದ ಹಲವು ಭಾಷೆಗಳ ಪುಸ್ತಕಗಳನ್ನು ಓದಬಲ್ಲ ರೂಪದಲ್ಲಿ ಕೊಡುತ್ತದೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುತ್ತದೆ. ಮೂರ್ನಾಲ್ಕು ಮಧ್ಯಾಹ್ನ ಕೂತರೆ ಇದನ್ನು ಕಲಿಯಬಹುದು.

ಇದ್ಯಾವುದೂ ಕೈಗೆಟುಕದಿದ್ದರೆ ಹೋಬಳಿಯ ಏಳೆಂಟು ಗ್ರಂಥಾಲಯದವರು ತಿಂಗಳಿಗೊಮ್ಮೆ ಒಂದೊಂದು ಗ್ರಂಥಾಲಯದಲ್ಲಿ ಸೇರಿ. ಮೊದಲ ಅರ್ಧ ಗಂಟೆ ಎಲ್ಲರೂ ‘ಆಗಲಿಲ್ಲ’ ಪುಸ್ತಕದಿಂದ ಒಂದೊಂದು ಸಾಲು ಓದುವುದು, ಮುಂದಿನ ಒಂದು ಗಂಟೆ ಯಾರಿಗೆ ಗೊತ್ತೋ ಅವರು ಮಾಡಿ ತೋರಿಸುವುದು. ಭಾಷಣ, ಹಾರ, ಸ್ವಾಗತ ಗೀತೆ ಬೇಡ. ಇದರ ಮುಂದೆ ಎಷ್ಟೋ ಅಧಿಕೃತ ತರಬೇತಿಗಳು ಸಪ್ಪೆ ಎಂಬುದು ನನ್ನ ಅಭಿಪ್ರಾಯ.

ಎಚ್ಚರಿಕೆ

ದೂರಶಿಕ್ಷಣದ ಕೋರ್ಸಿಗೆ ಹಣ ಕಟ್ಟುವ ಮೊದಲು ಆ ವಿಶ್ವವಿದ್ಯಾಲಯಕ್ಕೆ, ಆ ಕೋರ್ಸಿಗೆ, ಆ ವರ್ಷಕ್ಕೆ ಯುಜಿಸಿಯ ದೂರಶಿಕ್ಷಣ ಬ್ಯೂರೊದ ಮಾನ್ಯತೆ ಇದೆಯೇ ಎಂದು ಅವರ ಜಾಲತಾಣದಲ್ಲೇ ನೋಡಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದು ನಿಮ್ಮ ಕೋರ್ಸಿಗೆ ಇಲ್ಲದಿರಬಹುದು. ‘ಪರೀಕ್ಷೆಗೆ ಬಂದರೆ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ’ ಎಂದು ಹೇಳುವ ಸ್ಟಡಿ ಸೆಂಟರಿನಿಂದ ಎದ್ದು ಬನ್ನಿ.

ಬಡ್ತಿಗೆಂದು ಓದುವುದಾದರೆ ನಿಮ್ಮ ಹುದ್ದೆಯ ವೃಂದ ಮತ್ತು ನೇಮಕಾತಿ ನಿಯಮವನ್ನು ನೀವೇ ಓದಿ. ಸಹೋದ್ಯೋಗಿಯ ಬಾಯಿಮಾತು ನಂಬಬೇಡಿ. ಸರ್ಕಾರಿ ನೌಕರರು ಕೋರ್ಸಿಗೆ ಸೇರುವ ಮುನ್ನವೇ ಅನುಮತಿ ಪಡೆದಿರಬೇಕು; ಪದವಿ ಬಂದ ಮೇಲೆ ಕೇಳಿದರೆ ಅದನ್ನು ಸೇವಾ ಪುಸ್ತಕಕ್ಕೆ ಸೇರಿಸುವಾಗ ತಕರಾರು ಬರುತ್ತದೆ.

‘ಡಿಜಿಟಲ್ ಗ್ರಂಥಾಲಯ’ದ ಉತ್ಸಾಹದಲ್ಲಿ ಕಾದಂಬರಿಗಳ ಪಿಡಿಎಫ್ ಅನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ನಮ್ಮಲ್ಲಿ ಲೇಖಕ ತೀರಿಕೊಂಡು 60 ವರ್ಷ ತುಂಬುವವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಆದ್ದರಿಂದ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರಿಂದ ಎಲ್ಲರ ಸ್ವತ್ತು. ಮಾಸ್ತಿಯವರದು 1986, ಇನ್ನೂ ಕಾಯಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಪ್ರತಿ ಸಲವೂ ಒಬ್ಬರನ್ನೇ ತರಬೇತಿಗೆ ಕಳಿಸುವುದು ನಗರ ಗ್ರಂಥಾಲಯಗಳ ದೊಡ್ಡ ತಪ್ಪು. ‘ಅವರಿಗೆ ಕಂಪ್ಯೂಟರ್ ಬರುತ್ತೆ, ಅವರೇ ಹೋಗಲಿ.’ ಅವರಿಗೆ ವರ್ಗವಾದ ದಿನ ಪಾಸ್‌ವರ್ಡ್ ಸಮೇತ ಎಲ್ಲವೂ ಹೋಗುತ್ತದೆ. ಇಬ್ಬರನ್ನು ಕಳಿಸಿ, ಒಬ್ಬರು ಕೌಂಟರಿನಲ್ಲಿ ಕೂರುವವರಾಗಿರಲಿ. ಓದುಗರ ಪ್ರಶ್ನೆ ಮೊದಲು ಕಿವಿಗೆ ಬೀಳುವುದು ಅವರಿಗೇ.

ಹಾಜರಾತಿ ಪ್ರಮಾಣಪತ್ರ ಮತ್ತು ಬಿಡುಗಡೆ ಆದೇಶದ ಪ್ರತಿ ಇಟ್ಟುಕೊಳ್ಳದೆ ಪ್ರಯಾಣ ಭತ್ಯೆಗೆ ಪರದಾಡುವುದು ಇನ್ನೊಂದು ತಪ್ಪು. ಬಸ್ ಟಿಕೆಟ್ಟಿನ ಮಸಿ ಬೇಗ ಅಳಿಸಿಹೋಗುತ್ತದೆ, ಹಿಂದಿರುಗಿದ ದಿನವೇ ಫೋಟೊ ತೆಗೆಯಿರಿ. ತಂತ್ರಾಂಶ ಕಲಿತು ಬಂದವರು ಬ್ಯಾಕಪ್ ತೆಗೆಯುವುದನ್ನು ಮಾತ್ರ ಕಲಿತಿರುವುದಿಲ್ಲ. ಮೊದಲು ಅದನ್ನೇ ಕೇಳಿ. ಅಕ್ಸೆಷನ್ ರಿಜಿಸ್ಟರ್ ಕಂಪ್ಯೂಟರಿಗೆ ಬಂತೆಂದು ಹಳೆಯ ವಹಿಯನ್ನು ಅಟ್ಟಕ್ಕೆ ಎಸೆಯಬೇಡಿ, ಆಡಿಟ್‌ನವರು ಕೇಳುವುದು ಅದನ್ನೇ.

ಕೊನೆಗೆ, ಸಮಯದ ಲೆಕ್ಕ. ಇಗ್ನೊ ಪ್ರವೇಶ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಆವೃತ್ತಿಗೆ. ಸ್ವಯಂನ ಸೆಮಿಸ್ಟರ್‌ಗಳೂ ಬಹುತೇಕ ಅವೇ ತಿಂಗಳಲ್ಲಿ ಶುರುವಾಗುತ್ತವೆ. ಮಾರ್ಚ್ ತಿಂಗಳು ಕಚೇರಿಗಳಲ್ಲಿ ವರ್ಷಾಂತ್ಯದ ಲೆಕ್ಕ, ಆಗ ಯಾರೂ ಓಓಡಿ ಕಡತ ಮುಟ್ಟುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳ ಬೇಸಿಗೆ ಶಿಬಿರ ಇರುವುದರಿಂದ ನೀವು ಊರು ಬಿಡುವಂತಿಲ್ಲ. ಹಾಗಾಗಿ ‘ಆಗಲಿಲ್ಲ’ ಪುಸ್ತಕವನ್ನು ಮೇ ತಿಂಗಳಲ್ಲಿ ಶುರು ಮಾಡಿ. ಶಿಬಿರದ ಮಕ್ಕಳು ಕೇಳುವ ಪ್ರಶ್ನೆಗಳೂ ಅದರಲ್ಲಿ ಸೇರುತ್ತವೆ, ಜೂನ್ ಮೊದಲ ವಾರ ಅನುಮತಿ ಪತ್ರ ಕೊಟ್ಟರೆ ಜುಲೈ ಪ್ರವೇಶಕ್ಕೆ ಸಮಯ ಸಿಗುತ್ತದೆ.